ಅಪ್ಪನ ಪಕ್ಕದ ಎಣ್ಣೆ ಮಣ್ಣು

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಅಪ್ಪನನ್ನು ದೇವಿಕೊಪ್ಪದ ದಾರಿಗಿರುವ ನಮ್ಮ ಹೊಲದ ಮೂಲೆಯಲ್ಲಿ, ಬೇವಿನ ಮರದ ಕೆಳಗೆ ಮಣ್ಣು ಮಾಡಿ ಸಣ್ಣದೊಂದು ಕಟ್ಟೆ ಕಟ್ಟಿಸಿದೆವು. ಬಲಕ್ಕೆ ಒಬ್ಬರಿಗಾಗುವಷ್ಟು ಜಾಗ ಉಳಿದಿತ್ತು. "ಇದು ನಂದು. ಇಲ್ಲಿ ಯಾರೂ ಗಿಡ ಏನೂ ಹಚ್ಚಬ್ಯಾಡ್ರಿ" ಎಂದು ಅವ್ವ ಅಂದೇ ಹೇಳಿಬಿಟ್ಟಳು, ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುವವರ ಧಾಟಿಯಲ್ಲಿ.

ತಮ್ಮ ಏನೂ ಹಚ್ಚಲಿಲ್ಲ. ಟ್ರ್ಯಾಕ್ಟರ್ ನಿಲ್ಲಿಸಿದ. ಹೊಲಕ್ಕೆಲ್ಲ ಇರುವುದು ಆ ಬೇವಿನ ಮರದ ನೆರಳೊಂದೇ. ಅಲ್ಲೇ ಡೀಸೆಲ್ ತುಂಬಿದ, ಅಲ್ಲೇ ಆಯಿಲ್ ಬದಲಿಸಿದ, ಸುಟ್ಟ ಎಣ್ಣೆಯನ್ನು ಅಲ್ಲೇ ಚೆಲ್ಲಿದ. ಕೆಲವು ವರ್ಷಗಳಲ್ಲಿ ಅವ್ವನ ಜಾಗ ಕಪ್ಪಗೆ, ಜಿಗುಟಾಗಿ, ಗ್ಯಾರೇಜಿನ ನೆಲದಂತಾಯಿತು. ಗರಿಕೆ ಕೂಡ ಹುಟ್ಟಲಿಲ್ಲ.

ಅಪ್ಪನ ಪುಣ್ಯತಿಥಿಗೆ ಕಾಯಿ ಒಡೆಯಲು ಹೋದಾಗ ಅವ್ವ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮೂಸಿದಳು.

"ನಾ ಇಲ್ಲಿ ಮಲಗಂಗಿಲ್ಲ" ಅಂದಳು.

"ಯಾಕ ಬೇ?" ಎಂದ ತಮ್ಮ.

"ಡೀಸೆಲ್ ವಾಸನಿಗೆ ನನಗ ತಲಿ ತಿರಗತೈತಿ. ಬಸ್ಸಿನ್ಯಾಗ ಕುಂತ್ರ ವಾಂತಿ ಬರತೈತಿ, ಗೊತ್ತಿಲ್ಲೇನು ನಿನಗ?"

ಗೊತ್ತಿತ್ತು. ಕಲಘಟಗಿಯಿಂದ ಹುಬ್ಬಳ್ಳಿಗೆ ಹೋಗುವಾಗ ಅವ್ವ ದಾರಿಯುದ್ದಕ್ಕೂ ನಿಂಬೆಹಣ್ಣು ಮೂಸುತ್ತ ಕೂರುತ್ತಾಳೆ. ಅಪ್ಪನ ಎಡಕ್ಕೆ ಮರದ ಬೇರು, ಕಾಲ ಕಡೆ ಬದು. ತಮ್ಮ ಹೊಲದ ಇನ್ನೊಂದು ಮೂಲೆ ತೋರಿಸಿದ. "ಬ್ಯಾರೆ ಮನಿ ಮಾಡಾಕ ನಾನು ನಿಮ್ಮಪ್ಪ ಜಗಳಾಡೇವೇನು?" ಎಂದಳು ಅವ್ವ. ಅವನ ಮುಖ ಸಣ್ಣದಾಯಿತು.

ನಾನು ಕಲಘಟಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಇಬ್ಬರೂ ನನ್ನ ಕಡೆ ನೋಡಿದರು. ಆ ಮಣ್ಣನ್ನು ಅಗೆದು ಹಳ್ಳಕ್ಕೆ ಹಾಕುವುದು ತಮ್ಮನ ವಿಚಾರವಾಗಿತ್ತು. ಹಳ್ಳದ ನೀರನ್ನು ದನ ಕುಡಿಯುತ್ತವೆ, ಬೇಡ ಎಂದೆ. ಎಣ್ಣೆ ತಿನ್ನುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲೇ ಇರುತ್ತವೆ, ಕಣ್ಣಿಗೆ ಕಾಣುವುದಿಲ್ಲ, ಅವಕ್ಕೆ ಗಾಳಿ, ನೀರು, ಗೊಬ್ಬರ ಕೊಟ್ಟರೆ ಅವೇ ತಿಂದು ಮುಗಿಸುತ್ತವೆ ಎಂದು ಅಲ್ಲೇ ಪಾಠ ಮಾಡಿದೆ. ಆಮೇಲೆ, ಮಣ್ಣಿನ ಶಾಸ್ತ್ರ ಓದಿದ ಗೆಳೆಯನಿಗೆ ಫೋನು ಮಾಡಿ, ನಾನು ಹೇಳಿದ್ದು ಸರಿಯೇ ಎಂದು ಕೇಳಿಕೊಂಡೆ. ಸರಿಯಿತ್ತು. ಅವಸರ ಮಾಡಬಾರದು ಎಂದ.

ಟ್ರ್ಯಾಕ್ಟರ್ ಬೇರೆ ಕಡೆ ಹೋಯಿತು. ತಮ್ಮ ಗುದ್ದಲಿಯಿಂದ ಮಣ್ಣು ಸಡಿಲ ಮಾಡಿ, ಹಳೆಯ ತಿಪ್ಪೆಗೊಬ್ಬರ ಕಲಸಿ, ನೀರು ಚಿಮುಕಿಸಿ, ಮೇಲೆ ಒಣಹುಲ್ಲು ಹೊದಿಸಿದ. ಆಗಾಗ ತಿರುವಿ ಹಾಕುವುದೂ ಅವನ ಕೆಲಸ. ನನ್ನದು ಬಾಟಲಿ. ಒಂದು ಹಿಡಿ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಅಲ್ಲಾಡಿಸಿ ಇಡುತ್ತಿದ್ದೆ. ಮೇಲೆ ಪದರ ತೇಲಿದರೆ ಎಣ್ಣೆ ಇನ್ನೂ ಇದೆ ಎಂದರ್ಥ. ದೊಡ್ಡ ಪರೀಕ್ಷೆಯೇನಲ್ಲ, ಆದರೆ ಶಾಲೆಯಲ್ಲೂ ನಾನು ಇದಕ್ಕಿಂತ ದೊಡ್ಡದನ್ನು ಮಾಡಿಸಿದವನಲ್ಲ.

ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಡೀಸೆಲ್ ವಾಸನೆ ಇಳಿಯಿತು, ಪದರ ತೆಳುವಾಯಿತು. ಆಮೇಲೆ ಅಷ್ಟಕ್ಕೇ ನಿಂತುಬಿಟ್ಟಿತು.

"ಲೇ, ಖರೇ ಹೇಳು. ಮತ್ತ ಅಲ್ಲೇ ಆಯಿಲ್ ಚೆಲ್ಲಾಕತ್ತೀಯೇನು?" ಎಂದು ತಮ್ಮನ ಮೇಲೆ ಹರಿಹಾಯ್ದೆ. ಅವನು ಅಪ್ಪನ ಕಟ್ಟೆ ಮುಟ್ಟಿ ಆಣೆ ಮಾಡಿದ. ನಾನು ನಂಬಲಿಲ್ಲ. ಮತ್ತೊಮ್ಮೆ ಬಾಟಲಿ ತೆಗೆದು ಮೂಗು ಹಚ್ಚಿದೆ. ಗ್ಯಾರೇಜಿನ ವಾಸನೆಯಲ್ಲ, ಅಡುಗೆಮನೆಯ ವಾಸನೆ. ಕುಸುಬಿ ಎಣ್ಣೆ.

ಶಾಲೆಗೆ ಸೂಟಿ ಇದ್ದ ಒಂದು ಸೋಮವಾರ ಹೊಲದಲ್ಲಿದ್ದೆ. ಅವ್ವ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ಸೆರಗಿನ ಮರೆಯಲ್ಲಿ ತಂಬಿಗೆ ಹಿಡಿದು ಬಂದಳು. ಹುಲ್ಲು ಸರಿಸಿ ಮಣ್ಣಿಗೆ ಎಣ್ಣೆ ಸುರಿದಳು.

"ಏನ ಮಾಡಾಕತ್ತೀ ಬೇ?"

"ಉಣ್ಣಾಕ ಹಾಕಾಕತ್ತೇನಿ. ಎಣ್ಣಿ ತಿಂತಾವ ಅಂತ ನೀನ ಹೇಳಿದ್ಯಲ್ಲ. ನಮ್ಮ ಕೆಲಸಕ್ಕ ಬಂದಾವ, ಬರೇ ಸುಟ್ಟ ಎಣ್ಣಿ ತಿನಿಸೂದು ಚಂದ ಕಾಣತೈತೇನು? ವಾರಕ್ಕೊಮ್ಮೆ ಆದ್ರೂ ಮನೀದು ಬ್ಯಾಡೇನು?"

ನನಗೆ ಸಿಟ್ಟು ನೆತ್ತಿಗೇರಿತು. ಕೆಲಸಕ್ಕೆ ಬಂದವರನ್ನು ಉಣಿಸದೆ ಕಳಿಸಿದ ಮನೆಯಲ್ಲ ನಮ್ಮದು, ಒಪ್ಪುತ್ತೇನೆ. ಆದರೆ ಬಿಸಿ ಹೋಳಿಗೆ ಮುಂದಿಟ್ಟು, ಮೊದಲು ನಿನ್ನೆಯ ರೊಟ್ಟಿ ಮುಗಿಸಿರಿ ಎಂದರೆ ಯಾರು ಕೇಳುತ್ತಾರೆ? ಅವ್ವನಿಗೆ ಹಾಗೆಂದೇ ಹೇಳಿದೆ. ಅದು ಅವಳಿಗೆ ತಕ್ಷಣ ತಿಳಿಯಿತು. ಸರಿಸಿದ ಹುಲ್ಲನ್ನು ಮತ್ತೆ ಹೊದಿಸಿದಳು.

"ಸುಟ್ಟ ಎಣ್ಣಿ ಮುಗದ ಮ್ಯಾಲೆ ಇವು ಏನು ತಿಂತಾವ?"

"ಏನೂ ಇಲ್ಲ. ಭಾಳಷ್ಟು ಸಾಯ್ತಾವ."

"ಸತ್ತು?"

"ಮಣ್ಣಾಗ್ತಾವ."

ಅವ್ವ ಅಪ್ಪನ ಕಟ್ಟೆಯ ಕಡೆ ನೋಡಿದಳು. "ಹಂಗಾರ ನಮ್ಮಂಥಾವ ಅವು" ಎಂದು ಖಾಲಿ ತಂಬಿಗೆ ಹಿಡಿದು ಮನೆಗೆ ನಡೆದಳು. ಮುಂದೆ ಎಣ್ಣೆ ತರಲಿಲ್ಲ.

ಮರುವರ್ಷದ ಮಳೆಗಾಲದ ಹೊತ್ತಿಗೆ ಬಾಟಲಿಯಲ್ಲಿ ಏನೂ ತೇಲಲಿಲ್ಲ. ಜಾಗದ ತುಂಬ ಗರಿಕೆ ಹಬ್ಬಿತು. ಅವ್ವ ಮಣ್ಣು ಮೂಸಿ, "ಈಗ ಅಡ್ಡಿ ಇಲ್ಲ, ಮಲಗಬಹುದು" ಎಂದು ಬಹಳ ಸಮಾಧಾನದಿಂದ ಹೇಳಿದಳು. ಇಷ್ಟು ದಿನ ಬಾಟಲಿ ಹಿಡಿದು ನಾನು ಏನನ್ನು ಸಿದ್ಧ ಮಾಡುತ್ತಿದ್ದೆ ಎಂಬುದು ಆಗ ತಲೆಗೆ ಹೋಯಿತು. ಎಣ್ಣೆ ಇರುವ ತನಕ ಅವ್ವ ಎಲ್ಲಿಗೂ ಹೋಗುವ ಹಾಗಿರಲಿಲ್ಲ.

ಮರುದಿನ ತಮ್ಮ ಅಲ್ಲಿ ಚೆಂಡು ಹೂವಿನ ಸಸಿ ಹಚ್ಚಿದ.

"ಏನೂ ಹಚ್ಚಬ್ಯಾಡ ಅಂತ ಹೇಳಿರಲಿಲ್ಲೇನೋ?" ಎಂದು ಅವ್ವ ಬೈದಳು.

"ಅಪ್ಪನ ಪೂಜಿಗೆ ಬೇ. ಹೂ ಮುಗದ ಕೂಡ್ಲೇ ತಗೀತೇನಿ."

ಹೂವು ಮುಗಿದವು. ಒಣಗಿದ ಗಿಡಗಳನ್ನು ಕಿತ್ತ. ಅಂದೇ ಹೊಸ ಸಸಿ ಹಚ್ಚಿದ. ಅವು ಮುಗಿದಾಗ ಮತ್ತೆ ಹಚ್ಚಿದ. ಹೊಲದ ಗೋವಿನಜೋಳಕ್ಕೆ ಕಳೆ ತೆಗೆಯಲು ನಾಳೆ, ನಾಡಿದ್ದು ಎನ್ನುವ ಮನುಷ್ಯ, ಇಲ್ಲಿ ಒಂದು ದಿನವೂ ತಡಮಾಡುವುದಿಲ್ಲ.

ಅವ್ವ ಕಟ್ಟೆಗೆ ಹೋದಾಗಲೆಲ್ಲ ಕೇಳುತ್ತಾಳೆ, "ನನ್ನ ಜಾಗ ಖಾಲಿ ಆತೇನೋ?"

"ಇನ್ನೂ ಮೊಗ್ಗ ಅದಾವ ಬೇ" ಎನ್ನುತ್ತಾನೆ ತಮ್ಮ, ತಲೆ ಎತ್ತದೆ.