ಪಾಕದ ತೊಟ್ಟು ನೋಡುವ ಮುನಿರಾಜರು

ಬೆಳುವಾಯಿಯ ಮುನಿರಾಜರು ಮದುವೆಯ ಅಡುಗೆಗೆ ಒಪ್ಪಿಕೊಂಡರೆಂದರೆ ಹುಡುಗಿಯ ತಂದೆಯ ಅರ್ಧ ಚಿಂತೆ ಇಳಿದಂತೆ. ಅವರ ಮನೋಹರ ಲಾಡು ಕೈಯಲ್ಲಿ ಉದುರುತ್ತಿರಲಿಲ್ಲ, ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಗುಟ್ಟೆಲ್ಲ ಬೆಲ್ಲದ ಪಾಕದಲ್ಲಿ. ಆ ಬೆಲ್ಲಕ್ಕೆ ಪಾಣೆಮಂಗಳೂರಿನ ಹಾಜಬ್ಬರ ಅಂಗಡಿಗೇ ಹೋಗಬೇಕು. ಚೂರು ಮುರಿದು ನಾಲಿಗೆಗಿಟ್ಟು, ಹಾಜಬ್ಬರೊಡನೆ ಒಂದಿಷ್ಟು ಜಗಳವಾಡಿ, ಕೊನೆಗೆ ಅವರು ಮೊದಲು ತೋರಿಸಿದ ಅಚ್ಚನ್ನೇ ಕೊಂಡು ಬರಬೇಕು.

ಅಂಥವರು 2004ರ ಏಪ್ರಿಲ್‌ನಲ್ಲಿ, ಮದುವೆಗಳ ನಟ್ಟನಡುವೆ, ಹೊಟ್ಟೆ ಹಿಡಿದುಕೊಂಡು ಮೂಡುಬಿದಿರೆಯ ಆಸ್ಪತ್ರೆ ಸೇರಿದರು. ನೋವು ಬೆನ್ನಿನವರೆಗೂ ಇರಿಯುತ್ತಿತ್ತು. ಅಲ್ಲಿ ಡ್ಯೂಟಿಯಲ್ಲಿದ್ದವರು ಹಾಜಬ್ಬರ ಮಗಳು ಡಾಕ್ಟರ್ ರಾಫಿಯಾ. ಪಿತ್ತಕೋಶದ ಕಲ್ಲೊಂದು ಜಾರಿ ದಾರಿ ಕಟ್ಟಿದೆ, ಅದರಿಂದ ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದು ಬಿಡಿಸಿ ಹೇಳಿದರು. ಬಾಯಿಗೆ ಏನೂ ಇಲ್ಲ, ನೀರೂ ಇಲ್ಲ, ಎಲ್ಲವೂ ಡ್ರಿಪ್ಪಿನಲ್ಲೇ. ಊರಿಗೆ ಮಾತ್ರ ಸುದ್ದಿ ಬೇರೆಯೇ ಹೋಯಿತು. ಅದು ಕುಡುಕರಿಗೆ ಬರುವ ಕಾಯಿಲೆಯಂತೆ ಎಂದು ಯಾರೋ ಆಡಿಕೊಂಡರು. ಜೈನರ ನೇಮದಂತೆ ಸೂರ್ಯ ಮುಳುಗಿದ ಮೇಲೆ ಅನ್ನವನ್ನೇ ಮುಟ್ಟದ ಮನುಷ್ಯನಿಗೆ ಈ ಮಾತು ಹೊಟ್ಟೆನೋವಿಗಿಂತ ಹೆಚ್ಚು ಚುಚ್ಚಿತು. ನೋಡಲು ಬಂದವರಿಗೆಲ್ಲ ಕಲ್ಲಿನ ಕಥೆ ಹೇಳಿ ಹೇಳಿ ಹೆಂಡತಿ ಅನಂತಮತಿ ಸುಸ್ತಾದರು.

ಎರಡನೆಯ ದಿನ ನೋವು ಇಳಿಯಿತು. ನಾಡಿದ್ದು ಬೆಳುವಾಯಿಯಲ್ಲೇ ಒಂದು ಮದುವೆ. ನಾಲ್ಕು ಜನರೆದುರು ಒಲೆಯ ಮುಂದೆ ನಿಂತರೆ ಸುದ್ದಿ ತಾನಾಗಿ ಅಡಗುತ್ತದೆ ಎಂದು ಮುನಿರಾಜರ ಲೆಕ್ಕ. ಮನೆಗೆ ಹೋಗುತ್ತೇನೆ ಎಂದು ಹಟ ಹಿಡಿದರು. ಬೆಳಿಗ್ಗೆ ಮತ್ತೆ ರಕ್ತ ತೆಗೆದಿದೆ, ಸಿಆರ್‌ಪಿ ಎಂಬ ಪರೀಕ್ಷೆಯ ಉತ್ತರ ಬರಲಿ ಎಂದರು ರಾಫಿಯಾ. ನಿನ್ನೆ ಅದು ಕಡಿಮೆಯೇ ಇತ್ತಲ್ಲ ಎಂದು ಮುನಿರಾಜರು ವಾದಿಸಿದರು. ಒಳಗಿನ ಉರಿಯೂತ ರಕ್ತದಲ್ಲಿ ಪೂರ್ತಿ ಕಾಣಿಸಲು ಒಂದೆರಡು ದಿನ ಬೇಕು, ಯಾರಿಗೆ ಇದು ಸುಮ್ಮನೆ ಇಳಿದುಹೋಗುತ್ತದೆ, ಯಾರಿಗೆ ಕೆಡುತ್ತದೆ ಎಂಬ ಸುಳಿವು ಆಗಲೇ ಸಿಗುವುದು ಎಂದು ಆಕೆ ಸಮಾಧಾನದಿಂದ ಹೇಳಿದರು. ಮುನಿರಾಜರು ಗೋಡೆಯ ಕಡೆ ತಿರುಗಿ ಮಲಗಿದರು.

ಮಧ್ಯಾಹ್ನ ಅವರ ಜೊತೆ ಅಡುಗೆ ಮಾಡುವ ನೋಣಯ್ಯ ಬಂದ. ಮುನಿರಾಜರು ಎದ್ದು ಕುಳಿತರು.

"ನಾನು ಬಂದೇ ಬರ್ತೇನೆ. ತಡ ಆದ್ರೆ ಪಾಕ ನೀನು ನೋಡು."

"ನನಗೆ ಹೆದರಿಕೆ ಆಗ್ತದೆ ಅಣ್ಣ. ನೊರೆ ಇಳಿದ ಕೂಡ್ಲೇ ಆಯ್ತು ಅಂತ ಅಲ್ವಾ?"

"ನೊರೆ ನೋಡಿ ಹೇಳಿದ್ರೆ ಲಾಡು ಒಡೆಯಲಿಕ್ಕೆ ಸುತ್ತಿಗೆ ಬೇಕಾದೀತು ಮಾರಾಯ. ಕೊಪ್ಪರಿಗೆಯ ಮುಖ ನಂಬಬೇಡ. ಒಂದು ತೊಟ್ಟು ತಣ್ಣೀರಿಗೆ ಹಾಕಿ ನೋಡು. ಸ್ವಲ್ಪ ಬಿಟ್ಟು ಪುನಃ ನೋಡು. ಮೊದಲಿನ ತೊಟ್ಟು ಸರಿ ಇತ್ತು ಅಂತ ಕೂತ್ಕೊಂಡ್ರೆ ಆಯ್ತು ಕಥೆ. ಒಲೆಯಿಂದ ಇಳಿಸಿದ ಮೇಲೂ ಅದು ಒಳಗೊಳಗೆ ಬೇಯ್ತಾ ಇರ್ತದೆ."

ರಿಪೋರ್ಟಿನ ಕಾಗದ ಹಿಡಿದು ರಾಫಿಯಾ ಬಾಗಿಲಲ್ಲಿ ನಿಂತಿದ್ದರು. ಅನಂತಮತಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಮುನಿರಾಜರಿಗೆ ತಮ್ಮ ಮಾತು ತಮಗೇ ಕೇಳಿಸಿತು. ಬಾಗಿಲ ಕಡೆ ತಿರುಗಿ ಕೇಳಿದರು:

"ತೊಟ್ಟು ಏನು ಹೇಳ್ತದೆ ಡಾಕ್ಟ್ರಮ್ಮ?"

"ಹತ್ತರೊಳಗೆ ಇರಬೇಕಾದ್ದು ನೂರೈವತ್ತು ದಾಟಿದೆ. ಇದು ಜೋರಾಗುವ ಲಕ್ಷಣ. ಈಗಲೇ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗುವ."

ಈ ಸಲ ಮುನಿರಾಜರು ತಲೆಯಾಡಿಸಿದರು. ಮದುವೆಯನ್ನು ನೋಣಯ್ಯನಿಗೆ ಒಪ್ಪಿಸಿ ಆಂಬುಲೆನ್ಸ್ ಹತ್ತಿದರು. ಮದುವೆಯ ದಿನವೇ ಅವರಿಗೆ ಉಸಿರು ಕಟ್ಟತೊಡಗಿತು. ಆದರೆ ಅಲ್ಲಿ ಆಕ್ಸಿಜನ್ನೂ ಅದನ್ನು ಕೊಡುವವರೂ ಮೊದಲೇ ತಯಾರಿದ್ದರು. ಹೊರಗೆ ಬೆಂಚಿನ ಮೇಲೆ ಅನಂತಮತಿ ಣಮೋಕಾರ ಮಂತ್ರ ಹೇಳುತ್ತ ಕುಳಿತಿದ್ದರು. ದಿನಗಳು ಕಳೆದು ಗಂಜಿಯ ತಿಳಿ ಗಂಟಲಿಗಿಳಿಯಿತು. ಮುಂದೆ ಪಿತ್ತಕೋಶವನ್ನೇ ತೆಗೆಸಿದ್ದಾಯಿತು. ಅದರ ಕಲ್ಲುಗಳನ್ನು ಬಾಟಲಿಯಲ್ಲಿ ತಂದು ಅನಂತಮತಿ ಜಗಲಿಯಲ್ಲಿಟ್ಟರು. ಕುಡಿತದ ಮಾತು ಅಲ್ಲಿಗೆ ನಿಂತಿತು.

ಕೊನೆಯ ಸಲ ರಕ್ತಪರೀಕ್ಷೆಗೆಂದು ಮೂಡುಬಿದಿರೆಗೆ ಹೋದಾಗ ನೋಣಯ್ಯ ಕಟ್ಟಿದ ಲಾಡು ಒಯ್ದಿದ್ದರು. ರಾಫಿಯಾ ಅದನ್ನು ತಿನ್ನುತ್ತಲೇ ರಿಪೋರ್ಟ್ ಬಿಡಿಸಿದರು.

"ಒಳ್ಳೆಯದೇ ಉಂಟು. ಡಾಕ್ಟ್ರಮ್ಮನ ಮುಖ ನೋಡಿದ್ರೆ ಗೊತ್ತಾಗ್ತದೆ," ಎಂದು ಅನಂತಮತಿ ಪಿಸುಗುಟ್ಟಿದರು.

"ಅದು ಲಾಡು ತಿಂದ ಮುಖ," ಎಂದರು ಮುನಿರಾಜರು. "ಕಾಗದ ಓದಿ ಹೇಳುವವರೆಗೆ ಸುಮ್ಮನಿರು."