ತಾಯಿಮರ ಅವರಿಗೆ, ಕಸಿಕಡ್ಡಿ ನನಗೆ

ನಾನೂ ನನ್ನ ಗಂಡನೂ ಬೇರೆಯಾಗುವುದೆಂದು ತೀರ್ಮಾನವಾದ ಮೇಲೆ ನನ್ನ ವಕೀಲೆ ಕೇಳಿದ ಮೊದಲ ಪ್ರಶ್ನೆ, "ನಿಮ್ಮದು ಅಂತ ಎಂತೆಲ್ಲ ಉಂಟು?" ಎಂಬುದು. ಬಂಟ್ವಾಳದ ಬಿ.ಸಿ. ರೋಡಿನಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿದ್ದ ಅವರ ಕಚೇರಿಯಲ್ಲಿ ಕುಳಿತು, ಇಪ್ಪತ್ತೆರಡು ವರ್ಷದ ಸಂಸಾರವನ್ನು ಒಂದು ಹಾಳೆಯಲ್ಲಿ ಬರೆಯಲು ಹೊರಟೆ.

ಕೊಕ್ಕಡದ ರಬ್ಬರ್ ತೋಟ ಮತ್ತು ಮನೆ ಅವರ ತಂದೆಯಿಂದ ಪಾಲಿಗೆ ಬಂದದ್ದು, ಅವರ ಹೆಸರಿನಲ್ಲಿತ್ತು. ಮೂಡುಬಿದಿರೆಯಲ್ಲಿ ಬಾಡಿಗೆಗೆ ಕೊಟ್ಟಿದ್ದ ಚಿಕ್ಕ ಮನೆ ಇಬ್ಬರ ಹೆಸರಿನಲ್ಲಿ, ಅದರ ಸಾಲ ಇನ್ನೂ ತೀರಿರಲಿಲ್ಲ. ಪುತ್ತಿಗೆಯಲ್ಲಿ ನನ್ನ ಅಮ್ಮ ಬರೆದುಕೊಟ್ಟ ಮೂವತ್ತು ಸೆಂಟ್ಸ್ ಕಲ್ಲುಪಾದೆ, ಅಂದರೆ ಬರೀ ಬಂಡೆಯ ನೆಲ, ನನ್ನದು. ಕೊನೆಗೆ ನರ್ಸರಿ. ಕೊಕ್ಕಡದ ಮನೆಯ ಪಕ್ಕದಲ್ಲಿ ಹದಿನೆಂಟು ವರ್ಷ ನಾನು ನಡೆಸಿದ ಕಸಿಗಿಡಗಳ ನರ್ಸರಿ. ಅದನ್ನು ಯಾರ ಹೆಸರಿನ ಮುಂದೆ ಬರೆಯಬೇಕೆಂದು ತಿಳಿಯದೆ ಪೆನ್ನು ನಿಂತಿತು.

"ಒಂದು ಮಾತು ಮೊದಲೇ ಹೇಳ್ತೇನೆ," ಎಂದರು ವಕೀಲೆ. "ಹೆಂಡತಿಗೆ ಅರ್ಧ ಅಂತ ನಮ್ಮ ಕಾನೂನಿನಲ್ಲಿ ಇಲ್ಲ. ಒಪ್ಪಂದದಲ್ಲಿ ಎಷ್ಟು ಬರೆಸಿಕೊಳ್ತೀರೋ ಅಷ್ಟೇ. ಹಾಗಾಗಿ ನಿಮಗೆ ಯಾವುದು ಬೇಕೇ ಬೇಕು ಅಂತ ಮನೆಗೆ ಹೋಗಿ ಆಲೋಚನೆ ಮಾಡಿ ಬನ್ನಿ."

ಆಲೋಚನೆ ಮಾಡಲು ಏನೂ ಇರಲಿಲ್ಲ. ನನಗೆ ಬೇಕಾದದ್ದು ಹನ್ನೊಂದು ಮರಗಳು.

ಅವು ನರ್ಸರಿಯ ತಾಯಿಮರಗಳು. ಏಳು ಹಲಸು, ನಾಲ್ಕು ಕಾಟುಮಾವು, ಅಂದರೆ ಕಾಡುಮಾವು. ಅವುಗಳ ಎಳೆ ತುದಿಗಳನ್ನು, ಅಂದರೆ ಕಸಿಕಡ್ಡಿಗಳನ್ನು, ಕತ್ತರಿಸಿ ಬೀಜದ ಸಸಿಗೆ ಕಸಿ ಕಟ್ಟಿದರೆ ಅದೇ ರುಚಿಯ ಹಣ್ಣಿನ ಗಿಡವಾಗುತ್ತದೆ. ಮೇಣವಿಲ್ಲದ ಒಂದು ಹಲಸನ್ನು ಬೆಳ್ತಂಗಡಿಯ ಅಜ್ಜಿಯೊಬ್ಬರ ದನದ ಹಟ್ಟಿಯ ಹಿಂದೆ ಕಂಡಿದ್ದೆ. ಉಪ್ಪಿನಕಾಯಿಯ ಒಂದು ಮಾವು ಗದ್ದೆಯ ಬದುವಿನಲ್ಲಿ ಸಿಕ್ಕಿತ್ತು. ಎಲ್ಲವನ್ನೂ ಹೀಗೆ ಊರೂರು ಅಲೆದು, ಕಡ್ಡಿ ಬೇಡಿ ತಂದು, ಕೊಕ್ಕಡದಲ್ಲಿ ನೆಟ್ಟು ಬೆಳೆಸಿದ್ದೆ. ಮೂಲ ಮರಗಳಲ್ಲಿ ಹೆಚ್ಚಿನವು ರಸ್ತೆ ಅಗಲವಾಗುವಾಗ, ಮನೆ ಕಟ್ಟುವಾಗ ಹೋಗಿಬಿಟ್ಟವು. ಮಾರಿದ ಕಸಿಗಿಡಗಳು ಯಾವ ಯಾವ ಊರಿನಲ್ಲಿವೆಯೋ ಲೆಕ್ಕವಿಲ್ಲ; ಕೊಕ್ಕಡದವೂ ಹೋದರೆ ಆ ತಳಿಗಳನ್ನು ಮತ್ತೆ ಕೂಡಿಸಲು ಆಗುತ್ತಿರಲಿಲ್ಲ.

ಮೊದಲು ಹನ್ನೆರಡು ಇದ್ದವು. ನಾನು ಎರಡು ದಿನ ತರಬೇತಿ ಕೊಡಲು ಹೋಗಿದ್ದಾಗ, ರಬ್ಬರಿಗೆ ನೆರಳಾಗುತ್ತದೆಂದು ಗಂಡ ಒಂದನ್ನು ಕಡಿಸಿದರು. ಒಂದು ಮರಕ್ಕಾಗಿ ಗಂಡನನ್ನು ಬಿಟ್ಟಳು ಎಂದು ನೆಂಟರು ಹೇಳಿದರು. ಮರಕ್ಕಾಗಿ ಅಲ್ಲ. ಒಂದು ಮಾತು ಕೇಳಬೇಕೆಂದು ಅವರಿಗೆ ಅನ್ನಿಸದೆ ಹೋದದ್ದಕ್ಕಾಗಿ. ಆ ಮನೆಯಲ್ಲಿ ನನ್ನನ್ನು ಕೇಳದೆ ಆದ ಕೆಲಸಗಳ ಸಾಲಿನಲ್ಲಿ ಅದು ಕೊನೆಯದು, ಅಷ್ಟೆ.

ಮಧ್ಯಸ್ಥಿಕೆಯ ಕೋಣೆಯಲ್ಲಿ ಒಬ್ಬ ಹಿರಿಯ ವಕೀಲರು ನಮ್ಮಿಬ್ಬರ ನಡುವೆ ಕುಳಿತಿದ್ದರು. ಮನೆಯಲ್ಲಿ ತುಳುವಿನಲ್ಲಿ ಜಗಳವಾಡಿದವರು ನಾವು. ಅಲ್ಲಿ ಕನ್ನಡದಲ್ಲಿ, ಶಾಲೆಯ ಭಾಷಣದ ಹಾಗೆ ನಿಧಾನವಾಗಿ ಮಾತಾಡಿದೆವು. ನನ್ನ ಗಂಡ ನನ್ನನ್ನು "ಅವರು" ಎಂದರು. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು.

"ನರ್ಸರಿಯ ಹೆಸರು ಬೇಕಾದರೆ ಅವರು ಇಟ್ಟುಕೊಳ್ಳಲಿ," ಎಂದರು. "ಆದರೆ ಮರ ಜಾಗದೊಟ್ಟಿಗೆ. ಜಾಗ ನನ್ನದು."

"ಮರ ಬೇಡ," ಎಂದೆ. "ಒಂದು ಮಳೆಗಾಲ ಕಸಿಗೆ ಕಡ್ಡಿ ಕೊಡಲಿ, ಸಾಕು."

ವಕೀಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಇದೆಂತದು ಮಾರಾಯ್ರೇ, ಕಡ್ಡಿ ಕೇಳ್ತೀರಿ?" ಎಂದರು. ಆದರೆ ಕಡ್ಡಿಯ ಬೆಲೆ ಎಷ್ಟೆಂದು ನನ್ನ ಗಂಡನಿಗೆ ಗೊತ್ತಿತ್ತು.

"ಕೊಡುವುದಿಲ್ಲ," ಎಂದರು. "ಇವತ್ತು ಕಡ್ಡಿಗೆ ಅಂತ ಗೇಟು ತೆಗೆದರೆ ನಾಳೆ ಜಾಗವೂ ಬೇಕು ಅಂತಾರೆ."

ಅಂದು ಹೊರಗೆ ಬಂದು ಬಸ್ಸಿಗೆ ಕಾಯುವಾಗ ನನಗೆ ಅಳು ಬಂತು. ಆದರೆ ಅವರ "ಜಾಗ ನನ್ನದು" ಎಂಬ ಮಾತು ತಲೆಯಲ್ಲಿ ತಿರುಗುತ್ತಲೇ ಇತ್ತು. ಮದುವೆಯಾದ ಹೊಸತರಲ್ಲಿ ಮಾವ ತೋಟದ ಗಡಿಕಲ್ಲು ತೋರಿಸಿ, ಇದರಾಚೆ ಕುಮ್ಕಿ, ಎಂದದ್ದು ನೆನಪಾಯಿತು. ಕುಮ್ಕಿ ಎಂದರೆ ಪಟ್ಟಾ ಜಾಗಕ್ಕೆ ತಾಗಿದ ಸರ್ಕಾರಿ ಭೂಮಿ. ಸೊಪ್ಪು, ಸೌದೆ ತರಬಹುದು, ಒಡೆತನ ಇಲ್ಲ. ನನ್ನ ಮರಗಳಿಗೆ ಒಳ್ಳೆಯ ತೋಟದಲ್ಲಿ ಜಾಗ ಕೊಡಲು ಅಂದು ಯಾರಿಗೂ ಮನಸ್ಸಿರಲಿಲ್ಲ. ಅಂಚಿಗೆ ನೆಡು ಎಂದಿದ್ದರು. ನಾನು ಅಂಚಿನಲ್ಲೇ ನೆಟ್ಟಿದ್ದೆ.

ಬೆಳ್ತಂಗಡಿಯ ತಾಲೂಕು ಕಚೇರಿಗೆ ಮೂರು ಸಲ ಹೋಗಿ ಸರ್ವೆ ನಕ್ಷೆಯ ಪ್ರತಿ ತಂದೆ. ಗಡಿಕಲ್ಲಿನಿಂದ ಪ್ರತಿ ಮರಕ್ಕೆ ಎಷ್ಟು ಹೆಜ್ಜೆ ಎಂದು ನನಗೆ ಬಾಯಿಪಾಠ. ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಹನ್ನೊಂದು ಚುಕ್ಕೆ ಇಟ್ಟೆ. ಒಂಬತ್ತು ಗೆರೆಯಾಚೆ, ಕುಮ್ಕಿಯಲ್ಲಿ ಬಿದ್ದವು; ಅವು ಅವರ ಜಾಗದಲ್ಲಿ ಇರಲೇ ಇಲ್ಲ.

ಮುಂದಿನ ಸಲ ವಕೀಲೆ ಆ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿದರು. ನನ್ನ ಗಂಡ ಕನ್ನಡಕ ಹಾಕಿಕೊಂಡು ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

ನಾನು ಮಾತಾಡಿದೆ. "ಆ ಕುಮ್ಕಿಯ ತಂಟೆಗೆ ನಾನು ಬರುವುದಿಲ್ಲ. ಅಳತೆ ಮಾಡಿ ಅಂತ ಯಾರಿಗೂ ಅರ್ಜಿ ಕೊಡುವುದಿಲ್ಲ. ಕಡ್ಡಿಯ ಮೊಗ್ಗು ಉಬ್ಬಬೇಕಲ್ಲ, ಅದಕ್ಕೆ ಎಲೆ ಸವರಲಿಕ್ಕೆ ಒಂದು ದಿನ, ಹತ್ತು ದಿನ ಬಿಟ್ಟು ಕಡ್ಡಿ ತೆಗೆಯಲಿಕ್ಕೆ ಮೂರು ದಿನ. ನಾಲ್ಕೇ ದಿನ."

ಅವರು ತುಳುವಿನಲ್ಲಿ, ನನಗೆ ಮಾತ್ರ ಎಂಬಂತೆ, "ಆವು," ಎಂದರು. ಆಗಲಿ ಎಂದು. ಮಧ್ಯಸ್ಥರು ಅದನ್ನು ಕನ್ನಡದಲ್ಲಿ ಬರೆದುಕೊಂಡರು.

ಒಪ್ಪಂದ ಹೀಗಾಯಿತು: ಕೊಕ್ಕಡದ ಜಾಗ, ಮನೆ, ಪಿಕಪ್, ನರ್ಸರಿಯ ನೆರಳುಚಪ್ಪರ ಅವರಿಗೆ. ಮೂಡುಬಿದಿರೆಯ ಮನೆಯ ತಮ್ಮ ಹಕ್ಕನ್ನು ಅವರು ನನಗೆ ಬಿಟ್ಟುಕೊಡುವುದು, ಉಳಿದ ಸಾಲ ನಾನು ಕಟ್ಟುವುದು. ನರ್ಸರಿಯ ಹೆಸರು ನನಗೆ. ಮತ್ತು, ಆ ಕಾಗದದ ಆರನೆಯ ಕಲಮಿನಲ್ಲಿ, ಹನ್ನೊಂದು ಮರಗಳ ಕಸಿಕಡ್ಡಿ. ಇಂಥ ಕಲಮು ತಮ್ಮ ವೃತ್ತಿಯಲ್ಲಿಯೇ ಬರೆದದ್ದಿಲ್ಲ ಎಂದು ವಕೀಲೆ ಎರಡೆರಡು ಸಲ ಓದಿ ನಕ್ಕರು.

ಕಡ್ಡಿ ತೆಗೆಯುವ ದಿನ ನನ್ನ ಜೊತೆ ಬಂದವಳು ಹದಿನೈದು ವರ್ಷ ನನ್ನೊಡನೆ ಕಸಿ ಕಟ್ಟಿದ ನೆರೆಮನೆಯವಳು. ಕರಾರಿನಲ್ಲಿ ಅವಳ ಹೆಸರು ಎಲ್ಲಿಯೂ ಇರಲಿಲ್ಲ. "ಅಕ್ಕ, ನನ್ನನ್ನು ಯಾರ ಪಾಲಿಗೆ ಹಾಕಿದ್ದೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಾಳೆಪಟ್ಟೆ ಸೀಳತೊಡಗಿದಳು. ಕತ್ತರಿಸಿದ ಕಡ್ಡಿಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಬಾಳೆಪಟ್ಟೆಯೊಳಗೆ ಇಡುವುದು ನಮ್ಮ ಪದ್ಧತಿ. ಇಲ್ಲದಿದ್ದರೆ ಅವು ಬಾಡುತ್ತವೆ.

ಮೂರನೆಯ ಮರದಲ್ಲಿ ನನ್ನ ಏಣಿ ಜಾರಿತು. ಬೀಳಲಿಲ್ಲ. ಕೆಳಗೆ ನೋಡಿದರೆ ನನ್ನ ಗಂಡ ಏಣಿ ಹಿಡಿದು ನಿಂತಿದ್ದರು.

"ಆ ಗೆಲ್ಲು ಬೇಡ, ಒಣಗಿದೆ," ಎಂದರು. "ಮೇಲಿನದ್ದು ತೆಗಿ."

ಮೇಲಿನದ್ದೇ ತೆಗೆದೆ. ಅವರು ಮೂರು ದಿನವೂ ಏಣಿ ಹಿಡಿದರು.

ಪುತ್ತಿಗೆಯ ನನ್ನ ಪಾದೆಯಲ್ಲಿ ಗುದ್ದಲಿ ಊರುವುದಿಲ್ಲ. ಅಲ್ಲಿ ಏನು ಬೆಳೆಯುತ್ತದೆ ಎಂದು ಅಕ್ಕಪಕ್ಕದವರು ನಕ್ಕಿದ್ದರು. ಆದರೆ ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೆಳೆಯುವ ಸಸಿಗೆ ಪಾದೆಯಾದರೇನು, ಗದ್ದೆಯಾದರೇನು? ನೀರು ನಿಲ್ಲುವುದಿಲ್ಲ, ಬೇರು ಕೊಳೆಯುವುದಿಲ್ಲ. ಹಸಿರು ಬಲೆ ಕಟ್ಟಿ, ಅದರಡಿಯಲ್ಲಿ ನನ್ನೊಡನೆ ಬಂದ ನೆರೆಮನೆಯವಳೂ ನಾನೂ ಕುಳಿತು ಬೆಳಗಿನಿಂದ ಸಂಜೆವರೆಗೆ ಕಸಿ ಕಟ್ಟಿದೆವು. ಮೂರನೆಯ ವಾರ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಮೊದಲ ಹಸಿರು ಮೊಳಕೆ ಕಂಡಾಗ ಅವಳು ಬಸ್ ಸ್ಟ್ಯಾಂಡಿನವರೆಗೆ ಕೇಳುವಂತೆ ಕೂಗಿದಳು. ಒಂದು ಮಾವು ಹಿಡಿಯಲೇ ಇಲ್ಲ. ನನ್ನ ಪಾಲಿಗೆ ಆ ತಳಿ ಹೋಯಿತು, ಅದರ ಬೇಸರ ಈಗಲೂ ಉಂಟು. ಹತ್ತು ತಳಿಗಳು ಉಳಿದವು. ಪ್ರತಿಯೊಂದರ ಒಂದು ಗಿಡವನ್ನು, ಪಾದೆ ಒಡೆಸಿ ಹೊಂಡ ಮಾಡಿ, ನನ್ನ ಜಾಗದಲ್ಲಿಯೇ ನೆಟ್ಟೆ. ಈಗ ಕಡ್ಡಿಗೆ ಯಾರನ್ನೂ ಕೇಳಬೇಕಾಗಿಲ್ಲ.

ಅದಾಗಿ ನಾಲ್ಕು ಮಳೆಗಾಲ ಕಳೆಯಿತು. ಐವತ್ತೊಂದನೆಯ ವಯಸ್ಸಿನಲ್ಲಿ ವಾಹನ ಓಡಿಸಲು ಕಲಿತು, ಹಳೆಯ ಪಿಕಪ್ ಒಂದನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಈ ಸಲ ಪೊಳಲಿಯ ಹತ್ತಿರದ ಕೃಷಿಕರೊಬ್ಬರು ಇನ್ನೂರು ಹಲಸಿನ ಗಿಡ ಕೇಳಿದರು. ಒಂದೇ ಜಾಗಕ್ಕೆ ಅಷ್ಟು ಗಿಡ ನಾನು ಎಂದೂ ಕೊಟ್ಟವಳಲ್ಲ. ಫಲ್ಗುಣಿ ನದಿಯ ಸೇತುವೆ ದಾಟುವಾಗ ಗಾಡಿಯ ಹಿಂದೆ ಎಲೆಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು.

ಅವರ ಗುಡ್ಡದ ಕೆಳಗೆ ಗಾಡಿ ನಿಲ್ಲಿಸಿ ತಲೆಯೆತ್ತಿದೆ. ಇಳಿಜಾರಿನ ಉದ್ದಕ್ಕೂ ಸಾಲು ಸಾಲಾಗಿ ಇನ್ನೂರು ಹೊಂಡಗಳು, ಪಕ್ಕದಲ್ಲಿ ಕೆಂಪು ಮಣ್ಣಿನ ರಾಶಿಗಳು. ಎಲ್ಲ ನನ್ನ ಗಿಡಗಳಿಗಾಗಿ. ನನಗೆ ಜೋರಾಗಿ ನಗು ಬಂತು, ತಡೆಯಲಾಗಲಿಲ್ಲ.

"ಎಂತ ಆಯ್ತಮ್ಮಾ?" ಎಂದರು ಅವರು.

"ಎಂತದೂ ಇಲ್ಲ. ಮೊದಲಿನದ್ದು ನಾನೇ ನೆಡುವುದಾ?"

"ನೆಡಿ, ನೆಡಿ. ನಿಮ್ಮ ಕೈಯಿಂದಲೇ ಆಗಲಿ."

ಸೆರಗು ಸಿಕ್ಕಿಸಿ ಮೊದಲ ಹೊಂಡಕ್ಕೆ ಇಳಿದೆ. ಸಂಜೆಯೊಳಗೆ ಆ ಗುಡ್ಡದಲ್ಲಿ ಒಂದು ಹೊಂಡವೂ ಖಾಲಿ ಉಳಿಯಲಿಲ್ಲ.