ಬಾಬಿನ್ ಆರಿಸುವ ಹೆಬ್ಬೆರಳು

ಅಫಜಲಪುರದ ಬಜಾರಿನಲ್ಲಿ ಹೊಲಿಗೆ ಸಾಮಾನು ಮಾರುವ ಸೇಠ ನನಗೆ ಎಂದೂ ಮಶೀನಿನ ಕೆಳದಾರ ಸುತ್ತುವ ಬಾಬಿನ್ ಎಣಿಸಿ ಕೊಟ್ಟವನಲ್ಲ. ಡಬ್ಬಿಯನ್ನೇ ಗಾಜಿನ ಕೌಂಟರಿನ ಮೇಲೆ ಸುರಿಯುತ್ತಿದ್ದ. ನಾನು ಒಂದೊಂದನ್ನೇ ಎತ್ತಿ ಅಂಚಿನ ಸುತ್ತ ಹೆಬ್ಬೆರಳು ತಿರುಗಿಸುತ್ತಿದ್ದೆ. ಕೂದಲೆಳೆಯಷ್ಟು ಗೀರಿದ್ದರೂ ಬೆರಳಿಗೆ ಹತ್ತುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಂಥ ಬಾಬಿನ್ ಕೆಳಗಿನ ದಾರವನ್ನು ಹಿಡಿದು ಹಿಡಿದು ಬಿಡುತ್ತದೆ. ಹೊಲಿಗೆ ಸುಕ್ಕಾಗಿ ಕಡೆಗೆ ದಾರ ಹರಿಯುತ್ತದೆ. ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಓದಿದವರ ಮುಂದೆ ತೋರಿಸಲು ನನ್ನ ಬಳಿ ಇದ್ದದ್ದು ಈ ಹೆಬ್ಬೆರಳು. ಬೇರೆ ಟೇಲರುಗಳೂ ನನ್ನಿಂದಲೇ ಆರಿಸಿಸಿಕೊಂಡು ಹೋಗುತ್ತಿದ್ದರು.

ಸಕ್ಕರೆ ಕಾಯಿಲೆ ಬಂದ ಮೇಲೆ ಮೊದಲು ಪಾದ ಜೋಮು ಹಿಡಿಯಿತು, ಆಮೇಲೆ ಬೆರಳ ತುದಿ. ಸೂಜಿ ಚುಚ್ಚಿದರೆ ರಕ್ತ ನೋಡಿಯೇ ಗೊತ್ತಾಗಬೇಕು. ಯಾರಿಗೂ ಹೇಳಲಿಲ್ಲ.

ಹೋದ ವರ್ಷ ಚೌಡಾಪುರದ ಹೆಣ್ಣುಮಗಳೊಬ್ಬಳು ಅಂಗಡಿಗೆ ಬಂದಿದ್ದಳು. ಹೊಸದಾಗಿ ಮಶೀನ್ ಕೊಂಡು ಬ್ಲೌಸ್ ಹೊಲಿಯುತ್ತಿದ್ದಳು. ಸೇಠ ನನ್ನ ಕಡೆ ಕೈ ಮಾಡಿದ.

"ಇವರ ಕಡೀಂದ ಆರಿಸ್ಕೋ ಬೇಟಿ. ಇವರು ಮುಟ್ಟಿದ್ದು ಖರಾಬ್ ಇರಂಗಿಲ್ಲ."

ಹೆಬ್ಬೆರಳು ತಿರುಗಿಸಿದೆ. ಏನೂ ಹತ್ತಲಿಲ್ಲ. ಹತ್ತುವುದಿಲ್ಲವೆಂದು ಗೊತ್ತೇ ಇತ್ತು. ನೋಡುವವರಿಗೆ ಆರಿಸಿದಂತೆ ಕಾಣಲಿ ಎಂದು ಎರಡನ್ನು ಬದಿಗೆ ಸರಿಸಿ, ಹತ್ತು ಬಾಬಿನ್ ಅವಳ ಕೈಗಿಟ್ಟೆ.

ವಾರದ ಮೇಲೆ ನಾನು ದಾರ ಕೊಳ್ಳುತ್ತಿದ್ದಾಗ ಅವಳು ಮತ್ತೆ ಬಂದಳು. ಚೀಲದಲ್ಲಿ ಮದುಮಗಳ ರೇಷ್ಮೆ ಬ್ಲೌಸು. ಎರಡೂ ತೋಳು ಸುಕ್ಕು. ಬಿಚ್ಚಿ ಬಿಚ್ಚಿ ಹೊಲಿದ ತೂತುಗಳು.

"ನನಗೇ ಹೊಲಿಯಾಕ ಬರಂಗಿಲ್ರಿ ಅಣ್ಣಾ. ನೀವು ಆರಿಸಿದ ಬಾಬಿನ್ದಂತೂ ತಪ್ಪಿರಂಗಿಲ್ಲ. ಮಶೀನ್ ಮಾರಿಬಿಡ್ತೇನಿ."

"ಮಾರೋದಾದ್ರ ನನಗೇ ಮಾರು, ಅರ್ಧಾ ರೇಟಿಗಿ," ಎಂದು ಸೇಠ ನಕ್ಕ.

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಎದುರಿನ ಹಣ್ಣಿನ ಬಂಡಿಯವನು ತಕ್ಕಡಿ ಒರೆಸುವುದನ್ನು ನೋಡುತ್ತ ನಿಂತೆ. ಅವನು ಒರೆಸಿ ಮುಗಿಸಿದ.

"ನಾ ಕೊಟ್ಟ ಬಾಬಿನ್ ಎಲ್ಲಾ ಚೀಲದಿಂದ ತೆಗಿ ತಂಗಿ. ಒಂದೊಂದರ ಅಂಚಿಗಿ ಬೆರಳಿಟ್ಟು ತಿರುಗಸು," ಎಂದೆ.

ಮೂರನೆಯದಕ್ಕೆ ಅವಳ ಬೆರಳು ನಿಂತಿತು. "ಇಲ್ಲೇನೋ ಹತ್ತಾಕತ್ತದ ಅಣ್ಣಾ."

"ಅದೇ. ಅದು ನನಗ ಹತ್ತಲಿಲ್ಲ. ನನ್ನ ಬೆರಳ ಸತ್ತು ಭಾಳ ದಿನ ಆತು. ನಿನ್ನ ಕೈ ಛಲೋ ಅದ, ಮಶೀನ್ ಮಾರಬ್ಯಾಡ."

ಸೇಠ ನಗು ನಿಲ್ಲಿಸಿದ. "ಹಂಗಾದ್ರ ಹೋದ ವಾರ ಏನ್ ತಿರುಗಿಸಿದ್ರಿ ಟೇಲರ್ ಮಾಸ್ತರ?"

"ನಾಟಕ ಮಾಡಿದೆ."

ಅವಳು ಉಳಿದ ಬಾಬಿನ್‌ಗಳಿಗೂ ಬೆರಳಿಟ್ಟು ತಿರುಗಿಸಿದಳು. ಗೀರಿಲ್ಲದ ಒಂದನ್ನು ಹುಡುಕಿ, ದಾರ ಸುತ್ತಿ, ಅಂಗಡಿಯಲ್ಲಿ ತೋರಿಸಲು ಇಟ್ಟಿದ್ದ ಮಶೀನಿನ ಮುಂದೆ ಕುಳಿತಳು. ಒಂದು ತೋಳು ಬಿಚ್ಚಿ, ಹಳೆಯ ತೂತುಗಳು ಮಡಿಕೆಯೊಳಗೆ ಮುಚ್ಚಿಹೋಗುವಂತೆ ಹೊಲಿಗೆಯನ್ನು ಒಂದೆಳೆಯಷ್ಟು ಒಳಗೆ ಸರಿಸಿ ಹೊಲಿದು ನನ್ನ ಕೈಗೆ ಕೊಟ್ಟಳು.

ಬೆಳಕಿಗೆ ಹಿಡಿದೆ. "ನೆಟ್ಟಗ ಬಂದದ," ಎಂದೆ.

ಅವಳ ಬಸ್ಸಿಗೆ ಇನ್ನೂ ಹೊತ್ತಿತ್ತು. ಎರಡನೇ ತೋಳು ಬಿಚ್ಚತೊಡಗಿದಳು.